ನನ್ನ ಸರದಿ ಬಂದಾಗ ನಾನು ಬಾಯಿ ಬಿಡುವುದಿಲ್ಲ

ಗುಂಡ್ಲುಪೇಟೆಯ ನಮ್ಮ ಬೀದಿಯಲ್ಲಿ ಭಾನುವಾರ ಸಂಜೆಯ ಪ್ರಾರ್ಥನಾ ಕೂಟ ನಡೆಯುವುದು ಸರದಿಯ ಮೇಲೆ, ವಾರಕ್ಕೊಂದು ಮನೆಯಲ್ಲಿ. ಜಪಸರ ಮುಗಿಯುತ್ತದೆ, ಬೈಬಲಿನಿಂದ ಒಂದು ವಾಚನ ಆಗುತ್ತದೆ, ಆಮೇಲೆ ಬಿನ್ನಹದ ಹೊತ್ತು. ಜಮಖಾನದ ಮೇಲೆ ಕೂತವರು ಒಬ್ಬೊಬ್ಬರಾಗಿ ತಮಗೆ ಬೇಕಾದದ್ದನ್ನು ಎಲ್ಲರಿಗೂ ಕೇಳುವಂತೆ ದೇವರಲ್ಲಿ ಬೇಡಿಕೊಳ್ಳಬೇಕು. ಒಂದೊಂದು ಬಿನ್ನಹಕ್ಕೂ ಉಳಿದವರು "ಪ್ರಭುವೇ, ನಮ್ಮ ಮೊರೆಯನ್ನು ಆಲಿಸು" ಎನ್ನಬೇಕು. ನನ್ನ ಸರದಿ ಬಂದಾಗ ನಾನು ಬಾಯಿ ಬಿಡುವುದಿಲ್ಲ. ಹೀಗಾಗಿ ಎರಡು ವರ್ಷ ದಾಟಿತು.

ಮೊದಮೊದಲು ನನ್ನ ಗಂಟಲು ಕೆಟ್ಟಿದೆ ಎಂದುಕೊಂಡರು. ಒಬ್ಬರು ಮೆಣಸಿನ ಕಷಾಯ ಕಾಯಿಸಿಕೊಟ್ಟರು. ಆಮೇಲೆ ಗಂಡನ ಜೊತೆ ಜಗಳವಿರಬೇಕು ಎಂದರು. ಹಂಗಳದ ಶಾಲೆಯಲ್ಲಿ ಪಾಠ ಹೇಳಿ ಸಂಜೆ ಬೈಕಿನಲ್ಲಿ ಮನೆಗೆ ಬರುವ ನನ್ನ ಯಜಮಾನರನ್ನು ಇಬ್ಬರು ದಾರಿಯಲ್ಲೇ ನಿಲ್ಲಿಸಿ, "ಮನೇಲಿ ಎಲ್ಲಾ ಸರಿಯಾಗಿದೆ ತಾನೆ ಸರ್?" ಎಂದು ಕೇಳಿದ್ದೂ ಉಂಟು. ಈಗ ಅಹಂಕಾರ ಎನ್ನುತ್ತಾರೆ. ಕಾನ್ವೆಂಟಿನಲ್ಲಿ ಓದಿದವಳಲ್ಲವೇ, ನಮ್ಮ ಜೊತೆ ಬಾಯಿಬಿಟ್ಟು ಪ್ರಾರ್ಥಿಸುವುದು ಇವಳಿಗೆ ಸಣ್ಣತನ ಎಂದು ಒಬ್ಬರು ನನ್ನ ಬೆನ್ನ ಹಿಂದೆ, ಆದರೆ ನನಗೆ ಕೇಳಿಸುವಷ್ಟು ಜೋರಾಗಿ ಹೇಳಿದರು. ಅಹಂಕಾರವಾದರೆ ಅಹಂಕಾರವೇ ಆಗಲಿ. ಅದು ನನಗೆ ಹೇಗೆ ಬಂತು ಎನ್ನುವುದನ್ನು ನಾನೇ ಬರೆಯುತ್ತೇನೆ. ಇಲ್ಲದಿದ್ದರೆ ಬೇರೆಯವರು ಅದನ್ನೂ ಬಿನ್ನಹವಾಗಿ ಒಪ್ಪಿಸಿಬಿಡುತ್ತಾರೆ.

ಹಿಂದೆ ನಮ್ಮ ಕೂಟದಲ್ಲಿ ನನ್ನಷ್ಟು ಚೆನ್ನಾಗಿ ಬಿನ್ನಹ ಹೇಳುವವರು ಇರಲಿಲ್ಲ. ಹೆಮ್ಮೆಯಿಂದ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಕೂಟವನ್ನು ನಡೆಸುವವರು ನಿವೃತ್ತ ಶಿಕ್ಷಕಿ, ಬೀದಿಗೆಲ್ಲ ಅವರು ಟೀಚರಮ್ಮ. ಅವರೇ, "ನಿಮ್ಮ ಬಾಯಲ್ಲಿ ಕೇಳಿದ್ರೆ ದೇವರಿಗೂ ಇಲ್ಲ ಅನ್ನೋಕೆ ಮನಸ್ಸು ಬರಲ್ಲ" ಎನ್ನುತ್ತಿದ್ದರು. ನನ್ನ ಸರದಿಯನ್ನು ಬೇಕೆಂದೇ ಕೊನೆಗೆ ಇಡುತ್ತಿದ್ದರು. ಊಟದ ಕೊನೆಗೆ ಪಾಯಸ ಬಡಿಸಿದ ಹಾಗೆ.

ನಾನು ಓದಿದ್ದು ಚಾಮರಾಜನಗರದ ಕಾನ್ವೆಂಟಿನಲ್ಲಿ, ಅಲ್ಲಿನ ಹಾಸ್ಟೆಲಿನಲ್ಲಿದ್ದುಕೊಂಡು. ಅಲ್ಲಿ ಮಾತಾಡಿದವರ ಹೆಸರನ್ನು ಕರಿಹಲಗೆಯ ಮೂಲೆಯಲ್ಲಿ ಬರೆಯುತ್ತಿದ್ದರು. ಏಳು ವರ್ಷದಲ್ಲಿ ನನ್ನ ಹೆಸರು ಆ ಮೂಲೆಗೆ ಒಮ್ಮೆಯೂ ಹೋಗಲಿಲ್ಲ. ಒಳ್ಳೆಯ ಹುಡುಗಿ ಎಂದರೆ ಸದ್ದಿಲ್ಲದ ಹುಡುಗಿ. ಸುಮ್ಮನಿರುವುದನ್ನು ಅಲ್ಲಿ ಎಲ್ಲರೂ ಕಲಿಸಿದರು. ಕೇಳಿಸಿಕೊಳ್ಳುವುದನ್ನು ಕಲಿಸಿದ್ದು ಒಬ್ಬರೇ, ಹೊಲಿಗೆ ಕಲಿಸುತ್ತಿದ್ದ ವಯಸ್ಸಾದ ಸಿಸ್ಟರ್. ಅದನ್ನೂ ಅವರು ಪಾಠವೆಂದು ಕಲಿಸಿದವರಲ್ಲ. ಯಾರಾದರೂ ಹುಡುಗಿ ಹತ್ತಿರ ಹೋಗಿ "ಸಿಸ್ಟರ್" ಎಂದರೆ, ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸುತ್ತಿದ್ದರು. ಬಟ್ಟೆಯನ್ನು ಮಡಿಲಲ್ಲಿಟ್ಟು, ಅದರ ಮೇಲೆ ಎರಡೂ ಕೈ ಇಟ್ಟು, ಮುಖ ಎತ್ತಿ ನೋಡುತ್ತಿದ್ದರು. ಅಷ್ಟೇ. ನನಗೆ ತಮ್ಮ ಹುಟ್ಟಿದ ವರ್ಷ, ರಜೆಗೆ ಮನೆಗೆ ಹೋಗಲು ಇಷ್ಟವಿಲ್ಲ ಎಂದು ನಾನು ಅವರಿಗೆ ಹೇಳಿದ್ದೆ. ಯಾಕೆ ಎಂದು ಅವರು ಕೇಳಲಿಲ್ಲ. ಹಾಗೆಲ್ಲ ಅನ್ನಬಾರದು ಎಂದೂ ಹೇಳಲಿಲ್ಲ. ಕಾದರು. ನಾನು ಮೂಗು ಒರೆಸಿಕೊಂಡು ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ "ಹೌದಾ" ಎಂದರು, ಸೂಜಿಗೆ ದಾರ ಪೋಣಿಸಿಕೊಡಲು ನನ್ನ ಕೈಗೆ ಕೊಟ್ಟರು. ನನ್ನ ಮಾತನ್ನು ನಡುವೆ ತುಂಡು ಮಾಡದೆ ಕೊನೆಯವರೆಗೂ ಕೇಳಿದ ಮೊದಲ ದೊಡ್ಡ ಮನುಷ್ಯರು ಅವರು.

ಮದುವೆಯಾಗಿ ಗುಂಡ್ಲುಪೇಟೆಗೆ ಬಂದ ಮೇಲೆ ಅವರನ್ನು ಮರೆತೆ. ಮರೆಯಲು ಕಾರಣವಿತ್ತು. ಸೊಸೆಯಾಗಿ ಬಂದವಳಿಗೆ ಸಿಕ್ಕಿದ್ದೂ ಕರಿಹಲಗೆಯ ಮೂಲೆಯ ಪಾಠವೇ. ದೊಡ್ಡವರು ಮಾತಾಡುವಾಗ ಬಾಯಿ ಹಾಕಬೇಡ. ಗಂಡಸರು ಮಾತಾಡುವಾಗ ಕಾಫಿ ಇಟ್ಟು ಒಳಗೆ ಹೋಗು. ವಾರವಿಡೀ ಹೀಗೆ ನುಂಗಿದ ಮಾತಿಗೆ ಭಾನುವಾರದ ಬಿನ್ನಹವೊಂದೇ ದಾರಿ. ಯಾಕೆಂದರೆ ಪ್ರಾರ್ಥನೆಯ ನಡುವೆ ಬಾಯಿ ಹಾಕಲು ಅತ್ತೆಗೂ ಧೈರ್ಯವಿಲ್ಲ. ಅದು ನನಗೊಬ್ಬಳಿಗೆ ಸಿಕ್ಕಿದ ಉಪಾಯವೇನಲ್ಲ. ಒಬ್ಬ ಸೊಸೆ ಕಣ್ಣು ಮುಚ್ಚಿಕೊಂಡು, "ಪ್ರಭುವೇ, ನಮ್ಮ ಮನೆಯ ಹಿರಿಯರಿಗೆ ತಾಳ್ಮೆಯನ್ನು ಕೊಡು" ಎನ್ನುವಳು. ಪಕ್ಕದಲ್ಲೇ ಕೂತ ಅತ್ತೆ ತನ್ನ ಸರದಿಗೆ ಕಾದು, "ಪ್ರಭುವೇ, ಬಿಸಿಲೇರಿದ ಮೇಲೆ ಏಳೋ ಸೊಸೆಯಂದಿರಿಗೆ ಚುರುಕನ್ನು ಕೊಡು" ಎನ್ನುವಳು. ನಾವು ಎರಡಕ್ಕೂ ಒಂದೇ ದನಿಯಲ್ಲಿ "ನಮ್ಮ ಮೊರೆಯನ್ನು ಆಲಿಸು" ಎನ್ನುತ್ತಿದ್ದೆವು. ಆಮೇಲೆ ಕಡಲೆಕಾಳಿನ ಉಸ್ಲಿ, ಟೀ. ಬಿನ್ನಹದಲ್ಲಿ ಬಂದ ವಿಷಯವೆಲ್ಲ ಉಸ್ಲಿಯ ತಟ್ಟೆಯ ಮೇಲೆ ಬಿಡಿಬಿಡಿಯಾಗಿ ಚರ್ಚೆಯಾಗುತ್ತಿತ್ತು. ಯಾರ ಮನೆಯಲ್ಲಿ ಕುಡಿತ, ಯಾರ ಮಗ ಫೇಲು, ಯಾರಿಗೆ ಗರ್ಭ ನಿಲ್ಲಲಿಲ್ಲ, ಎಲ್ಲವೂ ನಮಗೆ ಗೊತ್ತಾಗುತ್ತಿದ್ದದ್ದು ಭಕ್ತಿಯ ಮೂಲಕವೇ.

ನಮ್ಮ ಮನೆಯಿಂದ ನಾಲ್ಕನೆಯ ಮನೆಯಲ್ಲಿ ಬ್ಲೌಸ್ ಹೊಲಿಯುವ ಒಬ್ಬ ಹೆಂಗಸಿದ್ದಾಳೆ. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಾಳೆ. ಇರುವವಳು ಒಬ್ಬಳೇ ಮಗಳು. ಆ ಹುಡುಗಿ ಬದನಗುಪ್ಪೆಯ ಒಂದು ಬಟ್ಟೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ವಾರದ ದಿನಗಳಲ್ಲಿ ಚಾಮರಾಜನಗರದಲ್ಲಿ ಗೆಳತಿಯರ ಜೊತೆ ರೂಮು ಮಾಡಿಕೊಂಡಿದ್ದು, ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಬರುತ್ತಾಳೆ.

ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ ಬ್ಲೌಸಿನ ಬಟ್ಟೆ ಕೊಡಲು ಹೋಗಿದ್ದೆ. ಅವಳು ಹೊಲಿಯುತ್ತಿದ್ದಳು. ಮಾತಾಡುತ್ತಲೇ ಹೊಲಿಯುವುದು ಅವಳ ರೂಢಿ, ಮೆಷಿನ್ನಿನ ಸದ್ದಿನ ಮೇಲೆ ದನಿ ಏರಿಸಿ ಮಾತಾಡುತ್ತಾಳೆ. ಅಂದು ಇದ್ದಕ್ಕಿದ್ದಂತೆ ಪೆಡಲಿನ ಮೇಲೆ ಅವಳ ಕಾಲು ನಿಂತಿತು. ಹುಡುಗಿಗೆ ಕೊಳ್ಳೇಗಾಲದ ಕಡೆಯಿಂದ ಒಂದು ಸಂಬಂಧ ಬಂದಿತ್ತು, ಮಾತು ಹೆಚ್ಚುಕಡಿಮೆ ಮುಗಿದಿತ್ತು.

"ಅಕ್ಕ, ಒಂದ್ ವಿಸ್ಯ ಯೋಳ್ತೀನಿ. ನಿಮ್ಮೊಟ್ಟೇಲೇ ಇರ್ಲಿ" ಎಂದಳು. ಎದ್ದು ಹೋಗಿ ಗುಂಡಿಗಳ ಡಬ್ಬಿ ತಂದಳು. ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ. ಬಣ್ಣಬಣ್ಣದ ಗುಂಡಿಗಳನ್ನು ಬೆರಳಿನಿಂದ ಸರಿಸಿದರೆ ಅಡಿಯಲ್ಲಿ ಮಾತ್ರೆಯ ಪಟ್ಟಿಗಳು. "ಮಗೀಗೆ ಫಿಟ್ಸ್ ಬತ್ತಿತ್ತು. ಒಂಬತ್ನೇ ಕ್ಲಾಸಲ್ಲಿ ಸುರು ಆಯ್ತು. ಈಗ್ ಬಂದಿಲ್ಲ, ಆದ್ರೂ ಮಾತ್ರೆ ನಿಲ್ಸಂಗಿಲ್ಲ ಅಂತರೆ ಮೈಸೂರ್ ಡಾಕ್ಟ್ರು. ಗಂಡಿನ್ ಕಡೇರ್ಗೆ ಯೋಳ್ಬೇಕಾ ಬ್ಯಾಡ್ವಾ, ನಂಗೆ ದಿಕ್ಕೇ ತೋಚ್ತಿಲ್ಲ ಕಣಕ್ಕ."

ಅವಳು ನನ್ನನ್ನು ಏನೂ ಮಾಡು ಎಂದು ಕೇಳಿರಲಿಲ್ಲ. ಮೆಷಿನ್ ನಿಲ್ಲಿಸಿ ಹೇಳಿಕೊಂಡಳು, ಅಷ್ಟೇ. ಅಂದು ನಾನು ಏನು ಮಾಡಿದೆ? "ದೇವರಿದ್ದಾನೆ ಬಿಡು, ನಾನು ಪ್ರಾರ್ಥನೆ ಮಾಡ್ತೀನಿ" ಎಂದೆ. ಅವಳು ಇನ್ನೂ ಏನೋ ಹೇಳುವುದರಲ್ಲಿದ್ದಳು. ನನ್ನ ಮಾತು ಮುಗಿದದ್ದರಿಂದ ಅವಳದೂ ಮುಗಿಯಿತು. ಡಬ್ಬಿಯ ಮುಚ್ಚಳ ಹಾಕಿದಳು.

ಆ ಭಾನುವಾರ ಕೂಟ ಟೀಚರಮ್ಮನ ಮನೆಯಲ್ಲಿ. ನನ್ನ ಸರದಿ ಎಂದಿನಂತೆ ಕೊನೆಗೆ. ಹೆಸರು ಹೇಳಬಾರದು ಎನ್ನುವ ಎಚ್ಚರ ನನಗಿತ್ತು. ಆ ಎಚ್ಚರದ ಮೇಲೆ ನನಗೆ ಎಷ್ಟು ನಂಬಿಕೆಯಿತ್ತೆಂದರೆ, ಮನೆಯಲ್ಲೇ ವಾಕ್ಯವನ್ನು ಎರಡು ಬಾರಿ ತಿದ್ದಿಕೊಂಡು ಹೋಗಿದ್ದೆ. "ಪ್ರಭುವೇ, ಸೂಜಿ ದಾರವನ್ನೇ ನಂಬಿ ಬದುಕುವ ಒಬ್ಬ ವಿಧವೆ ತಾಯಿಯ ಒಬ್ಬಳೇ ಮಗಳನ್ನು ನಿನ್ನ ಪಾದಕ್ಕೆ ಒಪ್ಪಿಸುತ್ತೇವೆ. ಅವಳನ್ನು ನೆಲಕ್ಕೆ ಬೀಳಿಸುವ ಆ ಕಾಯಿಲೆ ಮದುವೆಯ ಮಂಟಪಕ್ಕೆ ಕಾಲಿಡದಂತೆ ಕಾಪಾಡು."

"ಪ್ರಭುವೇ, ನಮ್ಮ ಮೊರೆಯನ್ನು ಆಲಿಸು" ಎಂದರು ಎಲ್ಲರೂ. ಎಂದಿನ ದನಿಯಾಗಿರಲಿಲ್ಲ ಅದು. ಅರ್ಧ ಬಾಯಿಗಳು ತಡವಾಗಿ ತೆರೆದವು. ಕಣ್ಣು ಬಿಟ್ಟು ನೋಡಿದೆ. ಬಾಗಿಲ ಹತ್ತಿರ ಕೂತಿದ್ದ ಬ್ಲೌಸಿನವಳ ತಲೆಯ ಮೇಲಿನ ಸೆರಗು ಕೆಳಗೆ ಜಾರಿತ್ತು, ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ನಮ್ಮ ಬೀದಿಯಲ್ಲಿ ಸೂಜಿ ದಾರವನ್ನು ನಂಬಿ ಬದುಕುವ ವಿಧವೆ ತಾಯಿ ಅವಳೊಬ್ಬಳೇ. ಆ ವಾಕ್ಯವನ್ನು ಎರಡು ಬಾರಿ ತಿದ್ದಿದ ನನಗೆ ಅದು ಹೊಳೆದಿರಲಿಲ್ಲ.

ಉಸ್ಲಿಯ ಹೊತ್ತಿಗೆ ಅವಳು ಇರಲಿಲ್ಲ. ಗುರುವಾರದ ಹೊತ್ತಿಗೆ ಕೊಳ್ಳೇಗಾಲದ ಸಂಬಂಧವೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ನಮ್ಮ ಗೇಟಿನ ಹತ್ತಿರ ಬಂದು ನಿಂತಳು. ಒಳಗೆ ಬಾ ಎಂದರೆ ಬರಲಿಲ್ಲ. ನಾನು ಕೊಟ್ಟಿದ್ದ ಬಟ್ಟೆ, ಅದರ ಮೇಲೆ ಮಡಿಸಿಟ್ಟ ನನ್ನ ಅಳತೆ ಬ್ಲೌಸು, ಎರಡನ್ನೂ ಗೇಟಿನ ಮೇಲಿಟ್ಟಳು. ಊಟಿ ರಸ್ತೆಯ ಕಡೆಯಿಂದ ಪ್ರವಾಸಿಗರ ವಾಹನಗಳ ಹಾರನ್ ಸದ್ದು ಒಂದೇ ಸಮನೆ ಬರುತ್ತಿತ್ತು. ಆದರೂ ಅವಳು ದನಿ ಏರಿಸಲಿಲ್ಲ.

"ನಾನ್ ಯೋಳಿದ್ದು ನಿಮ್ಗೆ ಕಣಕ್ಕ, ದ್ಯಾವ್ರಿಗಲ್ಲ. ದ್ಯಾವ್ರಿಗೆ ನಾನೇ ಯೋಳ್ಕತಿದ್ದೆ. ನಂಗೂ ಬಾಯಿ ಅದೆ."

ಅಷ್ಟು ಚೆನ್ನಾಗಿ ಬಿನ್ನಹ ಹೇಳುತ್ತಿದ್ದವಳಿಗೆ ಆ ಗೇಟಿನ ಹತ್ತಿರ "ತಪ್ಪಾಯ್ತು" ಎನ್ನುವ ಒಂದು ಪದ ಬರಲು ಎಷ್ಟು ಹೊತ್ತಾಯಿತೆಂದರೆ, ಅದು ಬಂದಾಗ ಅವಳು ತನ್ನ ಮನೆಯ ಮೆಟ್ಟಿಲು ಹತ್ತುತ್ತಿದ್ದಳು.

ವಿಷಯ ಊರೆಲ್ಲ ಸುತ್ತಿ ಚರ್ಚಿಗೂ ಬಂತು. ಮುಂದಿನ ಭಾನುವಾರ ಫಾದರ್ ಪೂಜೆಯ ಉಪದೇಶದಲ್ಲಿ ಕಡಿಮೆ ಮಾತಾಡುವುದರ ಬಗ್ಗೆ ಹೇಳಿದರು. ಹೆಂಗಸರು ನಾಲಿಗೆಗೆ ಬೀಗ ಹಾಕಿಕೊಂಡರೆ ಅರ್ಧ ಪಾಪ ಕಡಿಮೆಯಾಗುತ್ತದೆ ಎಂದರು. ಎಡಗಡೆ ಹೆಂಗಸರೆಲ್ಲ ತಲೆ ತಗ್ಗಿಸಿದೆವು. ಬಲಗಡೆ ಗಂಡಸರು ನಮ್ಮ ಕಡೆ ನೋಡಿ ಹೌದು ಹೌದೆಂದು ತಲೆಯಾಡಿಸಿದರು. ಕೊಳ್ಳೇಗಾಲಕ್ಕೆ ಫೋನ್ ಮಾಡಿ ಸುದ್ದಿ ಮುಟ್ಟಿಸಿದ್ದು ನಮ್ಮ ಕೂಟದ ಒಬ್ಬಾಕೆಯ ಗಂಡ ಎನ್ನುವುದು ಬೀದಿಗೆಲ್ಲ ಗೊತ್ತಿತ್ತು. ಎಲ್ಲರಿಗಿಂತ ಜೋರಾಗಿ ತಲೆಯಾಡಿಸುತ್ತಿದ್ದವರೂ ಅವರೇ.

ತಪ್ಪು ನನ್ನದು. ಅದನ್ನು ನಾನು ಪಾಪನಿವೇದನೆಯಲ್ಲಿ ಮೊಣಕಾಲೂರಿ ಹೇಳಿದ್ದೇನೆ, ಈಗಲೂ ಹೇಳುತ್ತೇನೆ. ಆದರೆ ಅಂದು ಆ ತಲೆಯಾಟ ನೋಡಿ ನನಗೆ ಹುಟ್ಟಿದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ಪೂಜೆ ಮುಗಿದ ಮೇಲೆ ಹೊರಗೆ ನಿಂತಿದ್ದ ಫಾದರ್ ಹತ್ತಿರ ಹೋದೆ. ಕರಿಹಲಗೆಯ ಮೂಲೆಗೆ ಒಮ್ಮೆಯೂ ಹೆಸರು ಹೋಗದ ಹುಡುಗಿ ನಾನು.

"ಫಾದರ್, ನಾಲಿಗೆಗೆ ಬೀಗ ಅಂದ್ರಿ. ಕಿವಿ ಬಗ್ಗೆ ಏನೂ ಹೇಳಲಿಲ್ಲ. ಕಿವಿ ಗಂಡಸರಿಗೂ ಇರುತ್ತಲ್ಲ?"

ಅವರು ಇನ್ನೂ ಚಿಕ್ಕ ವಯಸ್ಸಿನವರು. ನಕ್ಕುಬಿಟ್ಟರು. "ಮುಂದಿನ ವಾರ ಹೇಳ್ತೀನಮ್ಮ" ಎಂದರು. ಇನ್ನೂ ಹೇಳಿಲ್ಲ.

ಬೀಗ ಹಾಕು ಎಂದಿದ್ದಕ್ಕೆ ನಾನು ಸುಮ್ಮನಾದೆ ಎಂದು ಯಾರೂ ತಿಳಿಯಬಾರದು. ಅದಕ್ಕೇ ಇದನ್ನೆಲ್ಲ ಬರೆಯುತ್ತಿರುವುದು. ಜೀವನವಿಡೀ ಬೇರೆಯವರು ನನ್ನ ಬಾಯಿ ಮುಚ್ಚಿಸಿದ್ದರು. ಆ ಮೌನದಲ್ಲಿ ನಾನು ಯಾರ ಮಾತನ್ನೂ ಕೇಳಿಸಿಕೊಂಡಿರಲಿಲ್ಲ, ನನ್ನ ಸರದಿ ಯಾವಾಗ ಬರುತ್ತದೆ ಎಂದು ಕಾಯುತ್ತಿದ್ದೆ. ಈ ಸಲ ನಾನೇ ಮುಚ್ಚಿದೆ. ಯಾವಾಗ ತೆರೆಯಬೇಕು ಎನ್ನುವುದೂ ನನ್ನದೇ.

ಮುಂದಿನ ಕೂಟದಲ್ಲಿ ನನ್ನ ಸರದಿ ಬಂದಾಗ, "ನನ್ನದು ಮೌನ ಪ್ರಾರ್ಥನೆ" ಎಂದೆ. ಟೀಚರಮ್ಮ ಕಣ್ಣು ಬಿಟ್ಟರು.

"ಮೌನ ಪ್ರಾರ್ಥನೆ ಮನೇಲಿ ಮಾಡ್ಕೊಳ್ಳಿ. ಇಲ್ಲಿ ಬಾಯಿ ಬಿಡಬೇಕು. ಇಲ್ಲಾಂದ್ರೆ ನಾವು ಯಾವುದಕ್ಕೆ 'ಆಲಿಸು' ಅನ್ನೋದು?"

"ನೀವು ಅನ್ನಿ ಟೀಚರ್. ದೇವರಿಗೆ ಕೇಳಿಸುತ್ತೆ."

ಯಾರೋ ಕೆಮ್ಮಿದರು. ಟೀಚರಮ್ಮ ಹಾಡಿನ ಪುಸ್ತಕ ತೆರೆದು, ಪುಟ ಸಿಗದೆ ಮುಚ್ಚಿದರು.

ಅದಾದ ಮೇಲಿನ ಸೋಮವಾರ ಬ್ಲೌಸಿನವಳ ಮನೆಗೆ ಹೋದೆ. ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕೂತೆ. ಅವಳು ಹೊಲಿಯುತ್ತಲೇ ಇದ್ದಳು. ಒಂದು ಗಂಟೆ ಕೂತು ಎದ್ದು ಬಂದೆ. ಮಂಗಳವಾರವೂ ಹೋದೆ. ಮೂರನೆಯ ದಿನ ಅವಳು ಒಂದು ಬ್ಲೌಸನ್ನೂ ಹುಕ್ಕಿನ ಪೊಟ್ಟಣವನ್ನೂ ನನ್ನ ಮಡಿಲಿಗೆ ಎಸೆದಳು. "ಸುಮ್ಕೆ ಕುಂತ್ಕಬ್ಯಾಡಿ. ಹುಕ್ ಆಕಿ" ಎಂದಳು. ಆ ದಿನದಿಂದ ಅವಳ ಹೊಲಿಗೆಯ ಹುಕ್ಕುಗಳೆಲ್ಲ ನನ್ನ ಕೈಯವು. ಮೆಷಿನ್ನಿನಲ್ಲಿ ಅವಳು, ಬೆಂಚಿನಲ್ಲಿ ನಾನು. ತಿಂಗಳುಗಟ್ಟಲೆ ನಮ್ಮ ನಡುವೆ ನಡೆದ ಮಾತು ಹುಕ್ಕಿನದೇ. ಆದರೆ ಅವಳ ಕಾಲನ್ನು ನಾನು ಕಲಿತೆ. ಮನಸ್ಸು ನೆಟ್ಟಗಿದ್ದರೆ ಮೆಷಿನ್ ಒಂದೇ ಓಟ. ಬೇಸರವಿದ್ದರೆ ಎರಡು ಮೊಳ ಓಡಿ ನಿಲ್ಲುತ್ತದೆ, ಮತ್ತೆ ಓಡುತ್ತದೆ. ಹಬ್ಬದ ಹಿಂದಿನ ವಾರ ಅದು ಸಿಡಿಮಿಡಿ. ಒಂದು ದಿನ ಅದು ಪೂರ್ತಿ ನಿಂತಿತು. ನಾನು ಸೂಜಿಯನ್ನು ಬಟ್ಟೆಗೆ ಚುಚ್ಚಿ, ಕೈಗಳನ್ನು ಅದರ ಮೇಲಿಟ್ಟು, ಮುಖ ಎತ್ತಿದೆ. ಎಷ್ಟೋ ವರ್ಷದ ಮೇಲೆ ಹೊಲಿಗೆಯ ಸಿಸ್ಟರ್ ನೆನಪಾದದ್ದು ಆಗಲೇ. ಅವಳು ಏನು ಹೇಳಿದಳು ಎಂಬುದು ಇಲ್ಲಿ ಬರುವುದಿಲ್ಲ. ನಾನು "ಹೌದಾ" ಎಂದೆ.

ಈ ವರ್ಷ ಈಸ್ಟರ್ ಮುಗಿದ ಮೇಲೆ ಹುಡುಗಿಗೆ ಇನ್ನೊಂದು ಸಂಬಂಧ ಬಂತು. ತಂದವರು ಟೀಚರಮ್ಮ. ಹುಡುಗ ಚಾಮರಾಜನಗರದಲ್ಲಿ ಎಲೆಕ್ಟ್ರಿಷಿಯನ್, ಅವನಿಗೂ ತಾಯಿ ಒಬ್ಬಳೇ. ಕಾಯಿಲೆಯ ವಿಷಯ ಅವರ ತನಕ ಹೋಗಿಲ್ಲ, ಹೋಗುವುದೂ ಬೇಡ ಎಂದು ಟೀಚರಮ್ಮ ತೀರ್ಮಾನಿಸಿದ್ದರು.

"ಫಿಟ್ಸ್ ಬಂದು ಮೂರು ವರ್ಷ ಆಯ್ತಲ್ಲ, ಇನ್ನೆಂಥ ಕಾಯಿಲೆ? ಮದುವೆ ಆಗಲಿ, ಆಮೇಲೆ ನಾನು ಮಾತಾಡ್ತೀನಿ" ಎಂದು ಹುಡುಗಿಯ ತಾಯಿಗೆ ಹೇಳಿದರು. ನನ್ನ ಕಡೆ ತಿರುಗಿ, "ನೀವು ಮೌನ ಮೌನ ಅಂತೀರಲ್ಲ, ಈಗ ಅದರ ಉಪಯೋಗ ಬಂತು ನೋಡಿ. ಬಾಯಿ ಮುಚ್ಕೊಂಡಿದ್ದುಬಿಡಿ" ಎಂದರು.

ತಾಯಿ ಒಪ್ಪಿದ್ದಳು. ಒಮ್ಮೆ ಸುಟ್ಟುಕೊಂಡವಳು, ಅವಳನ್ನು ನಾನು ಯಾವ ಬಾಯಲ್ಲಿ ಬೈಯಲಿ? ಸುಟ್ಟವಳು ನಾನೇ.

ಒಪ್ಪದವಳು ಹುಡುಗಿ. ಹೆಣ್ಣು ನೋಡಲು ಬರುವ ಭಾನುವಾರದ ಹಿಂದಿನ ಸಂಜೆ ಬಸ್ಸಿಳಿದು ಚೀಲದ ಸಮೇತ ನೇರವಾಗಿ ನಮ್ಮ ಅಡುಗೆಮನೆಗೆ ಬಂದಳು. ನಾನು ಅಲಸಂದೆಕಾಯಿ ಬಿಡಿಸುತ್ತಿದ್ದೆ. ಪಕ್ಕದಲ್ಲಿ ಕೂತು ತಾನೂ ಬಿಡಿಸತೊಡಗಿದಳು. ನಾನು ಏನೂ ಕೇಳಲಿಲ್ಲ. ಅರ್ಧ ಬುಟ್ಟಿ ಮುಗಿದ ಮೇಲೆ ಹೇಳಿದಳು:

"ಆಂಟಿ, ಹೋದ್ಸಲ ನನ್ ವಿಷ್ಯಾನ ನೀವು ಹೇಳುದ್ರಿ."

"ಹೂಂ."

"ಈ ಸಲ ಟೀಚರ್ ಮುಚ್ತಾವ್ರೆ. ಎರಡ್ರಲ್ಲೂ ನಾನೇ ಇಲ್ಲ." ಒಂದು ಕಾಯಿ ಸೀಳಿ, ಹುಳು ನೋಡಿ ಎಸೆದಳು. "ನಾಳೆ ನಾನೇ ಹೇಳ್ತೀನಿ. ನೀವು ಬಂದು ಕೂತ್ಕೊಳಿ. ಪ್ರಾರ್ಥನೆ ಗೀರ್ತನೆ ಏನೂ ಬೇಡ ಕಣಾಂಟಿ, ಸುಮ್ನೆ ಕೂತ್ಕೊಳಿ. ಕೇಳೋರು ಒಬ್ರಾದ್ರೂ ಇರ್ಲಿ."

ಬರುತ್ತೇನೆ ಎಂದೆ. ಆ ಹುಡುಗಿ ಹೇಳುವುದು ಸರಿಯೇ ತಪ್ಪೇ ಎಂದು ನನಗೆ ಆ ಹೊತ್ತಿನಲ್ಲಿ ಗೊತ್ತಿರಲಿಲ್ಲ. ಸಂಬಂಧ ಇನ್ನೊಮ್ಮೆ ಮುರಿದರೆ ಆ ತಾಯಿ ನನ್ನ ಮುಖ ನೋಡುವುದಿಲ್ಲ ಎನ್ನುವುದು ಮಾತ್ರ ಗೊತ್ತಿತ್ತು.

ಭಾನುವಾರ ಮೂರು ಗಂಟೆಗೆ ಅವರು ಬಂದರು. ಮೆಷಿನ್ನಿಗೆ ಹೂವಿನ ಬಟ್ಟೆ ಹೊದಿಸಿ ಅದರ ಮೇಲೆ ಕೇಸರಿಬಾತಿನ ತಟ್ಟೆಗಳನ್ನು ಇಟ್ಟಿದ್ದರು. ಹುಡುಗ ಇಸ್ತ್ರಿಯ ಗೆರೆ ಮುರಿಯದ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಅವನ ತಾಯಿ ಹಸಿರು ಸೀರೆಯ ಸಣ್ಣ ಹೆಂಗಸು, ಮನೆಯನ್ನೆಲ್ಲ ನೋಡುತ್ತಿದ್ದಳು. ನಾನು ನನ್ನ ಬೆಂಚಿನ ಮೇಲೆ. ಹುಡುಗಿಯ ತಾಯಿ ಒಳಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು, ಅಳತೆಯ ಟೇಪು ಇನ್ನೂ ಕುತ್ತಿಗೆಯಲ್ಲೇ ಇತ್ತು, ತೆಗೆಯುವುದನ್ನು ಮರೆತಿದ್ದಳು. ಟೀಚರಮ್ಮ ಒಬ್ಬರೇ ಮಾತಾಡುತ್ತಿದ್ದರು. ಹುಡುಗಿಯ ಗುಣ, ಅಡುಗೆ, ಚರ್ಚಿನ ಹಾಡಿನ ತಂಡದಲ್ಲಿ ಅವಳ ದನಿ.

ಹುಡುಗಿ ಕಾಫಿ ಕೊಟ್ಟು ಕೂತಳು. "ನಂಗೊಂದು ಮಾತು ಹೇಳ್ಬೇಕು" ಎಂದಳು.

"ಹೇಳ್ತಾಳೆ, ಹೇಳ್ತಾಳೆ, ಮದುವೆ ಆದ್ಮೇಲೂ ಕೆಲಸಕ್ಕೆ ಹೋಗ್ತೀನಿ ಅಂತ ತಾನೆ? ಈಗಿನ ಹುಡುಗೀರು!" ಟೀಚರಮ್ಮ ನಕ್ಕರು. "ಕಾಫಿ ತಗೊಳ್ಳಿ, ಆರತ್ತೆ."

"ಅದಲ್ಲ ಟೀಚರ್. ನನ್ನ ಆರೋಗ್ಯ—"

"ಆರೋಗ್ಯಕ್ಕೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀಯ. ನಾಚಿಕೆ ಸ್ವಭಾವ, ಏನೇನೋ ಮಾತಾಡಿಬಿಡ್ತಾಳೆ. ನಮ್ಮ ಫಾದರ್ ಏನಂತಾರೆ ಗೊತ್ತಾ—"

ಹುಡುಗಿ ನನ್ನ ಕಡೆ ನೋಡಿದಳು. ಅವಳ ತಾಯಿಯೂ ನೋಡಿದಳು, ಟೇಪನ್ನು ಎರಡೂ ಕೈಯಲ್ಲಿ ಹಿಡಿದು. ಒಬ್ಬಳ ಕಣ್ಣು ಒಂದು ಹೇಳುತ್ತಿತ್ತು, ಇನ್ನೊಬ್ಬಳದು ಇನ್ನೊಂದು. ಎರಡು ವರ್ಷ ನಾನು ಈ ಮನೆಯಲ್ಲಿ ಕಲಿತದ್ದು ಯಾವುದಕ್ಕೆ? ಟೀಚರಮ್ಮ ಹೇಳಿದ ಉಪಯೋಗಕ್ಕಂತೂ ಅಲ್ಲ. ನನ್ನ ಬಾಯಿ ತೆರೆಯಿತು.

"ಟೀಚರ್, ಅವಳು ಮಾತಾಡ್ತಿದ್ದಾಳೆ. ಕೇಳೋಣ."

ನನ್ನದು ದೊಡ್ಡ ದನಿಯಲ್ಲ. ಆದರೆ ಎರಡು ವರ್ಷ ಸುಮ್ಮನಿದ್ದವಳ ದನಿ ಎಂದೋ ಏನೋ, ಟೀಚರಮ್ಮನ ಬಾಯಿ ಅರ್ಧಕ್ಕೇ ನಿಂತಿತು. "ನಾನು ದೊಡ್ಡವಳು, ನನಗೇ—" ಎಂದು ಶುರು ಮಾಡಿದರು.

"ಹೌದು ಟೀಚರ್. ಅವಳದು ಮುಗೀಲಿ" ಎಂದೆ.

ಹುಡುಗಿ ಹೇಳಿದಳು. ಒಂಬತ್ತನೇ ಕ್ಲಾಸಿನಲ್ಲಿ ಶಾಲೆಯ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಮೊದಲು ಬಿದ್ದದ್ದು, ಮೈಸೂರಿನ ಡಾಕ್ಟರು, ದಿನಕ್ಕೆರಡು ಮಾತ್ರೆ, ಕಡೆಯ ಸಲ ಬಂದದ್ದು ಯಾವಾಗ, ಎಲ್ಲವನ್ನೂ. ನಡುವೆ ಎಲ್ಲೂ ನಿಲ್ಲಿಸಲಿಲ್ಲ. "ಕೆಲ್ಸದ ಕಡೆ ಗೊತ್ತು. ರೂಮಿನ ಗೆಳತೀರ್ಗೂ ಗೊತ್ತು, ಬಂದ್ರೆ ಏನ್ ಮಾಡ್ಬೇಕು ಅಂತ ಹೇಳ್ಕೊಟ್ಟಿದ್ದೀನಿ. ನಿಮ್ಗೂ ಗೊತ್ತಿರ್ಲಿ. ಬೇಡ ಅನ್ಸುದ್ರೆ ಈಗ್ಲೇ ಅಂದ್ಬುಡಿ, ನಂಗೇನೂ ಬೇಜಾರಿಲ್ಲ. ಆಮೇಲೆ ಅನ್ಬೇಡಿ ಅಷ್ಟೇ."

ಬಂಡೀಪುರದ ಕಡೆ ಹೋಗುವ ಕಾರುಗಳ ಸದ್ದು ಮಾತ್ರ. ಆ ಮೌನ ಬಹಳ ಉದ್ದವಿತ್ತು. ನನಗೆ ಅದನ್ನು ತುಂಬಿಸುವ ಆಸೆ ಎಷ್ಟು ಬಲವಾಗಿತ್ತೆಂದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡೆ. ಕೊನೆಗೆ ಹುಡುಗನ ತಾಯಿ ಕಾಫಿಯ ಲೋಟ ಕೆಳಗಿಟ್ಟಳು.

"ಮಾತ್ರೆಯ ಊಟಕ್ ಮುಂಚೆ ತಕೊಂಡಿಯಾ, ಆದ್ಮೇಕಾ?"

"ಊಟ ಆದ್ಮೇಲೆ."

"ಸರಿ ಕಣವ್ವ" ಎಂದಳು ಆಕೆ. ಹುಡುಗ ಅಲ್ಲಿಯವರೆಗೂ ಹುಡುಗಿಯ ಮುಖ ನೋಡಿರಲಿಲ್ಲ, ಆಗ ನೋಡಿದ. ಯೋಚನೆ ಮಾಡಿ ಹೇಳುತ್ತೇವೆ ಎಂದು ಎದ್ದರು. ಕೇಸರಿಬಾತು ಪೂರ್ತಿ ತಿಂದಿದ್ದರು.

ಟೀಚರಮ್ಮ ಅವರ ಹಿಂದೆಯೇ ಹೊರಟುಹೋದರು. ಒಳಗೆ ತಾಯಿ ನೆಲದ ಮೇಲೆ ಕೂತಳು.

"ಅಕ್ಕ, ನೀವು ಅದೊಂದ್ ಮಾತ್ ಆಡ್ದೇ ಇದ್ದಿದ್ರೆ ಈಟೊತ್ಗೆ ಎಲ್ಲಾ ಒಪ್ಗೆ ಆಗೋಗದು. ಎಲ್ಡ್ ಸಲನೂ ನೀವೇಯ!"

ನಾನು ತಲೆ ತಗ್ಗಿಸಲಿಲ್ಲ. ಅವಳು ಬೈದು ಮುಗಿಸಲಿ ಎಂದು ಕಾದೆ.

ಉತ್ತರ ಕೊಟ್ಟವಳು ಮಗಳು. "ಆಗೋಗದು ಕಣವ್ವ, ಆಗೋಗದು. ಆಮೇಕೆ? ನೀನು ಗುಂಡಿ ಡಬ್ಬೀಲಿ ಬಚ್ಚಿಟ್ಟೆ. ಆ ಮನೇಲಿ ನಾನ್ ಎಲ್ ಬಚ್ಚಿಡ್ಲಿ? ಅಕ್ಕಿ ಡಬ್ಬದಲ್ಲಾ? ದಿನಾ ಎಲ್ಡೊತ್ತು ಕಳ್ಳಿ ತರ ನುಂಗ್ಲಾ?"

ತಾಯಿ ತಲೆ ಎತ್ತಿದಳು. ಮಗಳ ಮುಖವನ್ನು ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಕುತ್ತಿಗೆಯಿಂದ ಟೇಪು ತೆಗೆದು ಸುತ್ತಿ ಪಕ್ಕಕ್ಕಿಟ್ಟಳು. "ಅಂಗೇ ನುಂಗ್ತಿದ್ಯಾ ಇಷ್ಟ್ ದಿನವ?" ಎಂದು ಕೇಳಿದಳು. ನಾನು ಚಪ್ಪಲಿ ಮೆಟ್ಟಿ ಹೊರಗೆ ಬಂದೆ. ಅಲ್ಲಿಂದ ಮುಂದಿನದನ್ನು ಕೇಳಬೇಕಾದವಳು ನಾನಲ್ಲ.

ಹುಡುಗ ಆಮೇಲೆ ಎರಡು ಭಾನುವಾರ ಬಂದು ಹೋಗಿದ್ದಾನೆ, ಟೀಚರಮ್ಮ ಇಲ್ಲದೆ. ಅವನೂ ಹುಡುಗಿಯೂ ಮೈಸೂರಿನ ಡಾಕ್ಟರ ಹತ್ತಿರ ಒಟ್ಟಿಗೆ ಹೋಗಿ ಬಂದರು. ಮದುವೆ ಆಗುತ್ತದೋ ಇಲ್ಲವೋ ಎಂದು ಬೀದಿಯಲ್ಲಿ ನನ್ನನ್ನು ನಿಲ್ಲಿಸಿ ಕೇಳುತ್ತಾರೆ. ನಾನು ನಕ್ಕು ಮುಂದೆ ಹೋಗುತ್ತೇನೆ.

ಇದನ್ನು ಬರೆದು ಮೊದಲು ಆ ಹುಡುಗಿಗೇ ಓದಲು ಕೊಟ್ಟೆ. ಅವಳು ಬೇಡ ಎಂದಿದ್ದರೆ ಹರಿದುಹಾಕುತ್ತಿದ್ದೆ. ಓದಿ, "ಇರ್ಲಿ ಆಂಟಿ. ಎಲ್ಲೂ 'ಪಾಪ' ಅಂತ ಬರ್ದಿಲ್ಲ ತಾನೆ?" ಎಂದಳು. ಅವಳ ತಾಯಿ ಓದಿಸಿಕೊಂಡು, ಮೆಷಿನ್ ನಿಲ್ಲಿಸದೆಯೇ, "ನಾನು ಅಷ್ಟ್ ಜೋರಾಗ್ ಬೈದಿದ್ನಾ?" ಎಂದು ಕೇಳಿದಳು. ಬೈದಿದ್ದಳು.

ಕೂಟಕ್ಕೆ ಈಗ ತಾಯಿ ಮತ್ತೆ ಬರುತ್ತಾಳೆ, ನನ್ನ ಪಕ್ಕದಲ್ಲೇ ಕೂರುತ್ತಾಳೆ. ಟೀಚರಮ್ಮ ಪ್ರತಿ ವಾರವೂ ನನ್ನ ಸರದಿಗೆ ನಿಲ್ಲಿಸಿ, ಕಾದು, ಗಂಟಲು ಸರಿಮಾಡಿಕೊಳ್ಳುತ್ತಾರೆ. ಕಾಯಲಿ. ನನ್ನನ್ನು ದಾಟಿ ಮುಂದೆ ಹೋಗುವ ಮೊದಲಿನ ಆ ಅರ್ಧ ನಿಮಿಷದಲ್ಲಿ ಪಕ್ಕದ ಮನೆಯ ಕುಕ್ಕರ್ ಕೂಗುವುದು, ಮೊಂಬತ್ತಿ ಚಟಗುಟ್ಟುವುದು, ಯಾರೋ ಮೂಗಿನಲ್ಲಿ ಅಳು ಎಳೆದುಕೊಳ್ಳುವುದು ಎಲ್ಲವೂ ಕೇಳಿಸುತ್ತದೆ. ಹೋದ ವಾರ ಕೂಟ ಬ್ಲೌಸಿನವಳ ಮನೆಯಲ್ಲೇ ಇತ್ತು. ಅದೇ ಅರ್ಧ ನಿಮಿಷದಲ್ಲಿ ನಾನು ಕಣ್ಣು ಬಿಟ್ಟು ಗೋಡೆ ನೋಡುತ್ತಿದ್ದೆ. ಗಡಿಯಾರದ ಕೆಳಗಿನ ಹಲಗೆಯ ಮೇಲೆ, ಬಂದವರೆಲ್ಲರ ಕಣ್ಣಿಗೂ ಬೀಳುವ ಹಾಗೆ ಮಾತ್ರೆಯ ಪಟ್ಟಿಗಳಿದ್ದವು, ಪಕ್ಕದಲ್ಲಿ ನೀರಿನ ಲೋಟ. ಗುಂಡಿಯ ಡಬ್ಬಿ ಮೆಷಿನ್ನಿನ ಮೇಲೆ ಮುಚ್ಚಳ ತೆರೆದುಕೊಂಡು ಕೂತಿತ್ತು. ಅದರಲ್ಲಿ ಗುಂಡಿಗಳಷ್ಟೇ ಇದ್ದವು.